ಸದ್ದಲ್ಲ, ಮಾಟ

"ಲಕ್ಷ್ಮಕ್ಕ ಮಾಟ ಮಾಡ್ತಾಳಂತೆ ಕಣೇ ಸೌಂದಿ. ನೀನೇ ಬರ್ದಿದ್ದೀಯಂತೆ."

"ನಾನಾ? ಯಾರವ್ವ ಹೇಳಿದ್ದು?"

"ನಿಮ್ಮಕ್ಕನ ಮಾವ, ಜುಂಜಣ್ಣ. ಬೆಳಕು ಹರಿಯಾಕಿಲ್ಲ, ಫೋನ್ ಮಾಡ್ದ. ಆ ಯಮ್ಮನ್ನ ನನ್ನ ಮೊಮ್ಮಗನ ಹತ್ರ ಬಿಟ್ಕಂಡ್ರೆ ಕೂಸು ಬಾಣಂತಿ ಇಬ್ರನ್ನೂ ಕರ್ಕಂಡ್ ಹೋಗ್ತೀನಿ ಅಂದ. ಲಕ್ಷ್ಮಕ್ಕ ನೀರು ಹಾಕಾಕೆ ಬಂದ್ರೆ ನಿರ್ಮಲಾ ಬಾಗ್ಲೇ ತೆಗೀಲಿಲ್ಲ."

ಚಳ್ಳಕೆರೆಯ ಕಾಲೇಜಿನ ಗೇಟಿನೆದುರು, ಮಂಡಕ್ಕಿ ಗಾಡಿಯ ಪಕ್ಕ ಅವ್ವ ಗೀತಮ್ಮನ ಫೋನಿಗೆ ಕಿವಿಗೊಟ್ಟು ನಿಂತಿದ್ದ ಸೌಂದರ್ಯಳ ಕೈಯಲ್ಲಿ ಅರ್ಧ ಕಚ್ಚಿದ ಮೆಣಸಿನಕಾಯಿ ಬಜ್ಜಿ ಹಾಗೇ ಉಳಿಯಿತು.

"ತೆಗೀಲಿಲ್ಲ ಅಂದ್ರೆ?"

"ಒಳಗಿಂದ ಚಿಲಕ ಹಾಕ್ಕಂಡು, ಕೂಸು ಮಲಗೈತೆ ಅಂದ್ಲು. ಒಳಗೆ ನೋಡಿದ್ರೆ ಅವನು ಕೇಕೆ ಹಾಕ್ತಾ ಅವ್ನೆ. ಲಕ್ಷ್ಮಕ್ಕಗೇನು ಕಿವಿ ಇಲ್ವಾ? ಎಣ್ಣೆ ಬಟ್ಲು ಹೊಸ್ತಿಲ ಮ್ಯಾಲೆ ಇಟ್ಟು ಹೋದ್ಲು."

"ನೀನೆಲ್ಲಿದ್ದೆ ಅವಾಗ?"

ಗೀತಮ್ಮ ದನಿ ತಗ್ಗಿಸಿದಳು. "ಅಲ್ಲೇ ಇದ್ದೆ. ಏನಂತ ಹೇಳ್ಲಿ? ಆ ಫೋನಿನ ನಾಟ್ಕದಾಗೆ ಕೊನೆಗೆ ನಿನ್ನ ಹೆಸ್ರು ಹೇಳ್ತೈತಂತೆ. ಕಥೆ, ಸೌಂದರ್ಯ ಅಂತ. ಮನೆ ಹುಡುಗಿನೇ ಬರ್ದ ಮ್ಯಾಲೆ ಸುಳ್ಳು ಅಂತ ಯಾರು ಅಂತಾರೆ?"

ಲಕ್ಷ್ಮಕ್ಕ ಹಟ್ಟಿಯ ಕೂಸುಗಳಿಗೆ ನೀರು ಹಾಕುವಾಕೆ. ಕೊಂಡ್ಲಹಳ್ಳಿಯ ರಸ್ತೆ ಬಿಟ್ಟು ಒಳಕ್ಕೆ ಹೋದರೆ ಸಿಗುವ ಆ ಹಟ್ಟಿಯಲ್ಲಿ ಅವಳ ಚಾಚಿದ ಕಾಲ ಮೇಲೆ ಮಲಗಿ ಅತ್ತು ಎದ್ದವರೇ ಎಲ್ಲರೂ. ಬಚ್ಚಲ ಕಲ್ಲಿನ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಏರಿಸಿ, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ತಲೆಯನ್ನು ದುಂಡಗೆ ಒತ್ತಿ, ಮೂಗನ್ನು ಎಳೆದು ನೆಟ್ಟಗೆ ಮಾಡಿ ಕೊಟ್ಟರೆ ಕೂಸು ಸಂಜೆಯವರೆಗೂ ನಿದ್ದೆ. ಸೌಂದರ್ಯಳ ಮೂಗೂ ಅವಳ ಕೈಯದೇ. ಕಂಡಾಗಲೆಲ್ಲ ಅದನ್ನು ಹಿಂಡಿ, "ಈ ಮೂಗು ನಂದು, ಮದ್ವೆಯಾಗೋನು ನಂಗೆ ಸೀರೆ ತರ್ಬೇಕು" ಎನ್ನುತ್ತಿದ್ದಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಬಚ್ಚಲಲ್ಲಿ ಎರಡನ್ನೂ ಒಂದೇ ಉಸಿರಿಗೆ ಆಡುವಾಕೆ.

ಸೌಂದರ್ಯಳ ಕಥೆ ಹುಟ್ಟಿದ್ದೂ ಆ ಬಚ್ಚಲಲ್ಲೇ. ಅಕ್ಕ ನಿರ್ಮಲಾ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ನಗು ಬರುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಅದು ಲಕ್ಷ್ಮಕ್ಕನ ಕಾಲ ಮೇಲೆ ಮಲಗಿ, ಅಳುವುದನ್ನು ನಿಲ್ಲಿಸಿ, ಅವಳ ಮುಖವನ್ನೇ ನೋಡುತ್ತಾ "ಆಂಗ್, ಊಂಗ್" ಅಂದಿತು. ನಿರ್ಮಲಾ ನಕ್ಕು, "ಎಂಥ ಸದ್ದು ಮಾಡ್ತಾನೆ ನೋಡ್ರಿ" ಅಂದಳು. ಲಕ್ಷ್ಮಕ್ಕ ತಲೆಯೆತ್ತದೆ, "ಇದಿ ಸದ್ದು ಕಾದಮ್ಮಾ, ಮಾಟ" ಅಂದಳು. ಇದು ಸದ್ದಲ್ಲಮ್ಮ, ಮಾತು.

ಬಾಗಿಲಲ್ಲಿ ಫೋನು ಹಿಡಿದು ಕೂಸಿನ ದನಿ ರೆಕಾರ್ಡ್ ಮಾಡುತ್ತಿದ್ದ ಸೌಂದರ್ಯಳ ಮೈ ಜುಮ್ಮೆಂದಿತು. ಅವಳ ಸ್ವಭಾವವೇ ಹಾಗೆ. ಒಂದು ಸಾಲು ಹತ್ತಿತೆಂದರೆ ಊಟ ಬೇಡ, ಸ್ನಾನ ಬೇಡ. ಹಾಸ್ಟೆಲಿನ ಮಂಚದಲ್ಲಿ, ಬಸ್ಸಿನಲ್ಲಿ, ಕೆಮಿಸ್ಟ್ರಿ ಲ್ಯಾಬಿನ ಮೇಜಿನ ಕೆಳಗೆ, ಎಲ್ಲೆಂದರಲ್ಲಿ ಹೆಬ್ಬೆರಳಲ್ಲೇ ಒತ್ತಿ ಒತ್ತಿ ಬರೆದಳು. ಕಥೆಯ ಕಾಲ ಮುಂದಿನ ಶತಮಾನ. ಹಟ್ಟಿಯ ಕಡೆಯದೇ ಆದ ಬ್ರಹ್ಮಗಿರಿ ಬೆಟ್ಟದ ನೆತ್ತಿಯಲ್ಲೊಂದು ದೊಡ್ಡ ಆಂಟೆನಾ. ಬಹುದೂರದ ಗ್ರಹದಿಂದ ಬರುವ ಅಲೆಗಳನ್ನು ಯಂತ್ರಗಳೆಲ್ಲ ಸೇರಿ ಬರೀ ಸದ್ದು ಎಂದು ತಳ್ಳಿಹಾಕುತ್ತವೆ. ಅಲ್ಲಿ ಕೂಸುಗಳಿಗೆ ನೀರು ಹಾಕುವ ಒಬ್ಬ ಮುದುಕಿ ಕಿವಿಗೊಟ್ಟು ಕೇಳಿ, ಇದು ಸದ್ದಲ್ಲ, ಮಾತು ಅನ್ನುತ್ತಾಳೆ. ಸದ್ದು ಯಾವ ಗಳಿಗೆಯಲ್ಲಿ ಮಾತಾಗುತ್ತದೆಂದು ಅವಳಿಗೆ ಗೊತ್ತು, ಅಷ್ಟು ಕೂಸುಗಳನ್ನು ಕಂಡಿದ್ದಾಳೆ. ಫೋನಿನಲ್ಲಿ ಕಂತು ಕಂತಾಗಿ ಕೇಳುವ ಈ ಕೇಳುನಾಟಕಕ್ಕೆ ಸೌಂದರ್ಯ ಇಟ್ಟ ಹೆಸರು 'ಸದ್ದಿನ ಆಚೆ'.

ಅದನ್ನು ತಿದ್ದಿದವನು ಓಬಳೇಶ್. ಅವಳ ಕಾಲೇಜಿನಲ್ಲೇ ಓದಿ, ಬೆಂಗಳೂರಿನ ಒಂದು ಆಡಿಯೋ ಆಪಿಗೆ ಚಳ್ಳಕೆರೆಯಿಂದಲೇ ಸ್ಕ್ರಿಪ್ಟ್ ಎಡಿಟರ್ ಆಗಿದ್ದವನು. ಒಳ್ಳೆಯ ಗುರು. ಅವಳ ಮೊದಲ ಕಂತಿನಲ್ಲಿ 'ನೀಲಿ ಬೆಳಕು ಹರಡಿತು' ಎಂದಿದ್ದಕ್ಕೆ, "ನೀಲಿ ಹೆಂಗೆ ಕೇಳ್ಸುತ್ತೆ, ಮಾಡಿ ತೋರ್ಸು ನೋಡಣ" ಎಂದು ನಗಿಸಿದ್ದ. ಕೇಳುವವನಿಗೆ ಕಣ್ಣಿಲ್ಲ, ಯಾರು ಬಂದರು ಯಾರು ಹೋದರು ಎಂಬುದನ್ನೂ ಕಿವಿಗೇ ಹೇಳಬೇಕು ಎಂದು ಕಲಿಸಿದ್ದ. ಮುದುಕಿಯ ಪಾತ್ರಕ್ಕೆ ಲಕ್ಷ್ಮಕ್ಕನ ದನಿಯೇ ಇರಲಿ ಎಂದು ಅವಳು ಹಟ ಹಿಡಿದಾಗ ಆಪಿನವರನ್ನು ಒಪ್ಪಿಸಿದವನೂ ಅವನೇ. ಒಂದೇ ಷರತ್ತು: ಇದು ಕನ್ನಡದ ಆಪು, ತೆಲುಗು ಸಾಲು ಬೇಡ. ಅವನು 'ಇದಿ' ತೆಗೆದು 'ಇದು' ಮಾಡಿದ, 'ಕಾದು' ತೆಗೆದು 'ಅಲ್ಲ' ಮಾಡಿದ. ಉಳಿದ ಪದ ಕನ್ನಡದ್ದೇ ಎಂಬಂತೆ ಕಂಡಿತು, ಉಳಿಯಿತು. ಇದು ಸದ್ದಲ್ಲ, ಮಾಟ.

ಅದನ್ನು ಸೌಂದರ್ಯ ಓದಿದಳು. ಲಕ್ಷ್ಮಕ್ಕನ ಮುಂದೆ ಫೋನು ಹಿಡಿದು ಹೇಳಿಸಿದಳು. ಲಕ್ಷ್ಮಕ್ಕ ಹೇಳಿದಳು. ಇಬ್ಬರ ಕಿವಿಗೂ ಅದು ಮಾತು ಎಂದೇ ಕೇಳಿಸಿತು. ಕನ್ನಡದ ಮಾಟ ಬೇರೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಬಾಯಲ್ಲಿ, ಆ ಬಚ್ಚಲಲ್ಲಿ, ಆ ಪದಕ್ಕೆ ಇನ್ನೊಂದು ಅರ್ಥ ಹತ್ತಿರ ಸುಳಿಯಲಿಲ್ಲ.

ಆಮೇಲೆ ಪರೀಕ್ಷೆ ಬಂತು. "ನೀನು ಪರೀಕ್ಷೆ ಬರಿ, ಮುಂದಿನ ಕಂತು ನಾನು ನೋಡ್ಕಂತೀನಿ" ಎಂದು ಓಬಳೇಶ್ ಕಳಿಸಿದ ಮೆಸೇಜಿಗೆ ಅವಳು ಸಾಲುಗಟ್ಟಿ ಕೆಂಪು ಹೃದಯ ಒತ್ತಿದ್ದಳು. ನಾಟಕದ ಹೆಸರು 'ಮಾಟದ ಗ್ರಹ' ಎಂದು ಬದಲಾದಾಗ ಕೇಳಿದ್ದಕ್ಕೆ, ಜಾಹೀರಾತಿನವರ ತಲೆಹರಟೆ, ಬಿಡು ಅಂದಿದ್ದ. ಬಿಟ್ಟಿದ್ದಳು.

ಈಗ ಬಜ್ಜಿಯನ್ನು ಗಾಡಿಯ ಕಸದ ಬುಟ್ಟಿಗೆಸೆದು, ಎಣ್ಣೆ ಕೈಯನ್ನು ಚೂಡಿದಾರಕ್ಕೆ ಒರೆಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊಸ ಕಂತು ಹಚ್ಚಿದಳು.

ಗಾಳಿ. ನಾಯಿ ಊಳು. ಕೂಸಿನ ಅಳು. ಅದು ನಿರ್ಮಲಾಳ ಕೂಸಿನ ಅಳು ಎಂದು ಅವಳಿಗೆ ತಟ್ಟನೆ ಗೊತ್ತಾಯಿತು. ಅಳುವಿನ ಹಿಂದೆ ನೀರು ಹೊಯ್ಯುವ ಸದ್ದು, ಅದರೊಳಗಿಂದ ಲಕ್ಷ್ಮಕ್ಕನ ದನಿ, ಎಳೆದು ದಪ್ಪ ಮಾಡಿದ್ದು: "ಊರೋರ ಕಣ್ಣು. ಕೇರಿಯೋರ ಕಣ್ಣು. ನೆಂಟರ ಕಣ್ಣು."

ನೀರು ಹಾಕಿ ಮುಗಿದ ಮೇಲೆ ಕೊನೆಯ ಚೊಂಬನ್ನು ಕೂಸಿನ ಸುತ್ತ ಇಳಿಸಿ ಲಕ್ಷ್ಮಕ್ಕ ದೃಷ್ಟಿ ತೆಗೆಯುವ ಮಾತು ಅದು. ಅದರ ಕೊನೆಗೆ 'ಎಲ್ಲಾ ಬಿಟ್ಟು ಹೋಗ್ಲಿ' ಎಂದು ಬರುತ್ತದೆ. ಇಲ್ಲಿ ಅದನ್ನು ಕತ್ತರಿಸಿದ್ದರು. ಕಣ್ಣು, ಕಣ್ಣು, ಕಣ್ಣು ಎಂದು ಮೂರು ಸಲ ಬಂದು, ಕೂಸು ಚಿಟ್ಟನೆ ಚೀರಿ ನಿಂತುಹೋಗುತ್ತದೆ. ಬಳಿಕ ಮೌನ. ಬಳಿಕ ಯಾರೋ ಹೆಂಗಸಿನ ಸವಿಯಾದ ದನಿ: ಕಥೆ, ಸೌಂದರ್ಯ.

ಓಬಳೇಶನ ಕೋಣೆ ಕಂಬಳಿ ಅಂಗಡಿಯ ಮಹಡಿಯಲ್ಲಿತ್ತು. ಸದ್ದು ಹೊರಗಿಂದ ಬರದಿರಲೆಂದು ಗೋಡೆಗೆಲ್ಲ ಕರಿ ಕಂಬಳಿ ಹೊಡೆದಿದ್ದ. ಒಳಗೆ ಕುರಿ ಉಣ್ಣೆಯ ವಾಸನೆ. ಪಕ್ಕದ ಗಾಣದ ಮಿಲ್ಲಿನಿಂದ ಶೇಂಗಾ ಹಿಂಡಿಯ ವಾಸನೆ. ಅವಳು ಮೆಟ್ಟಿಲು ಹತ್ತಿ ಬಂದ ರಭಸಕ್ಕೇ ಅವನಿಗೆ ವಿಷಯ ಗೊತ್ತಾದಂತಿತ್ತು. ಹೆಡ್‌ಫೋನ್ ಕೊರಳಿಗೆ ಇಳಿಸಿಕೊಂಡ.

"ಬಾ. ಕೇಳಿದ್ಯಾ?"

"ಕೇಳ್ದೆ ಓಬಳೇಶಣ್ಣ. ಮಾಟ ಅಂದ್ರೆ ತೆಲುಗಿನಾಗೆ ಏನು ಹೇಳು?"

"ಅದು ತಪ್ಪಾಯ್ತು."

"ಏನಂತ ಹೇಳು."

"ಮಾತು. ನಮ್ಮವ್ವ ಬೆಳಿಗ್ಗೆ ಎದ್ರೆ ಅದನ್ನೇ ಅಂತಾಳೆ, ನಂಗೊತ್ತಿಲ್ವಾ? ತಿದ್ದುವಾಗ ನಿಜವಾಗ್ಲೂ ಕಣ್ಣಿಗೆ ಬೀಳ್ಲಿಲ್ಲ ಕಣಮ್ಮ. ನಿಂಗೂ ಬಿದ್ದಿಲ್ಲ ತಾನೇ?"

"ಆಮೇಲೆ ಗೊತ್ತಾತಲ್ಲ," ಅಂದಳು.

"ಆಮೇಲೆ ಗೊತ್ತಾತು." ಅವನು ಕುರ್ಚಿಯನ್ನು ಅತ್ತಿತ್ತ ತಿರುಗಿಸಿದ. "ಗೊತ್ತಾಗೋ ಹೊತ್ಗೆ ನಿನ್ನ ನಾಟ್ಕ ನಿಲ್ಸಾಕೆ ಬೆಂಗಳೂರಿಂದ ಹೇಳಿದ್ರು. ಆಂಟೆನಾ, ಅಲೆ, ಗ್ರಹ, ಯಾರೂ ಕೇಳ್ತಿರ್ಲಿಲ್ಲ. ಅವಾಗ ಯಾರೋ ಪುಣ್ಯಾತ್ಮ ಕಾಮೆಂಟ್ ಹಾಕಿದ್ದ. ಮುದುಕಿ ಮಾಟ ಅಂದಾಗ ಮೈ ನಡುಗ್ತು, ಮಾಟಗಾತಿ ಕಥೆ ಮುಂದೇನು ಅಂತ. ಅದ್ರ ಕೆಳಗೆ ಜಾತ್ರೆ ಥರ ಜನ. ಮೇಲಿನೋರು ನೋಡಿದ್ರು. ಇದನ್ನೇ ಹಿಡ್ಕಂಡು ಹೋಗು ಅಂದ್ರು."

"ನೀನು ಹೋದೆ."

"ಹೋದೆ. ಗ್ರಹ ಬಿಟ್ಟಿಲ್ಲ ನೋಡು, ಸೈನ್ಸು ಇನ್ನೂ ಐತೆ." ನಗಿಸಲು ನೋಡಿದ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ.

"ದೃಷ್ಟಿ ತೆಗ್ಯೋ ಮಾತಿನಾಗೆ 'ಬಿಟ್ಟು ಹೋಗ್ಲಿ' ಅನ್ನೋದನ್ನ ಯಾರು ಕತ್ತರಿಸಿದ್ದು?"

ಅವನು ಲ್ಯಾಪ್‌ಟಾಪಿನ ಕಡೆ ನೋಡಿದ. ಪರದೆಯ ಮೇಲೆ ದನಿಯ ಹಸಿರು ಗೆರೆ ಮೇಲೆ ಕೆಳಗೆ ಏರಿಳಿದು ನಿಂತಿತ್ತು.

"ನಿಂಗೆ ಅದ್ರ ಅರ್ಥ ಗೊತ್ತಿತ್ತು," ಅಂದಳು ಸೌಂದರ್ಯ. "ನಿಂಗೂ ಹಂಗೇ ದೃಷ್ಟಿ ತೆಗ್ದಿರ್ತಾರೆ."

"ನಂಗೆ ಕತ್ತರಿಸಾಕೆ ಸಂಬ್ಳ ಕೊಡ್ತಾರೆ ಕಣಮ್ಮ."

ಅವಳಿಗೆ ಬೈಯಬೇಕೆನಿಸಿತು. ಬಸ್ಸಿನಲ್ಲಿ ಮೈಮೇಲೆ ಬರುವ ಗಂಡಸರಿಗೆ ಬೈಯುವ ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದವು. ಆದರೆ ಅವಳಿಗೆ ಅವನಿಂದ ಒಂದು ಕೆಲಸ ಆಗಬೇಕಿತ್ತು. ಬಚ್ಚಲಿನ ಇಡೀ ರೆಕಾರ್ಡಿಂಗು ಅವನ ಬಳಿ ಮಾತ್ರ ಇತ್ತು. ನಾಟಕದ ಹಿನ್ನೆಲೆಗೆಂದು ಅವನಿಗೆ ಕಳಿಸಿದ ದಿನವೇ, ಫೋನಿನಲ್ಲಿ ಜಾಗ ಸಾಲದೆಂದು ಅವಳು ತನ್ನದನ್ನು ಅಳಿಸಿಬಿಟ್ಟಿದ್ದಳು. ಆ ಜಾಗದಲ್ಲಿ ಈಗ ಗೆಳತಿಯರ ಡ್ಯಾನ್ಸಿನ ವಿಡಿಯೋಗಳಿದ್ದವು.

"ಇಡೀ ರೆಕಾರ್ಡಿಂಗ್ ಕೊಡು. ಮನೇಲಿ ಕೇಳಿಸ್ಬೇಕು. ಲಕ್ಷ್ಮಕ್ಕನ್ನ ಕೂಸಿನ ಹತ್ರ ಬಿಡ್ತಾ ಇಲ್ಲ."

ಅವನ ಮುಖ ನಿಜವಾಗಿಯೂ ಇಳಿಯಿತು. "ಅಷ್ಟೊಂದಾ?"

"ಅಷ್ಟೊಂದು. ಮತ್ತೆ ನನ್ನ ಹೆಸ್ರು ತೆಗ್ಸು."

"ರೆಕಾರ್ಡಿಂಗ್ ತಗ. ಎಲ್ಲೂ ಹಾಕ್ಬ್ಯಾಡ, ಮನೇಲಷ್ಟೇ. ಹೆಸ್ರು ಆಗಲ್ಲ ಸೌಂದರ್ಯ. ನೀನು ಫೋನಿನಾಗೆ ಒಪ್ಗೆ ಒತ್ತಿದ್ದೀಯ. ಬರ್ದೋಳೇ ಕಥೆ ನಂದಲ್ಲ ಅಂತ ಗಲಾಟೆ ಮಾಡಿದ್ರೆ ನಾಟ್ಕ ನಿಲ್ಲುತ್ತೆ, ಮೊದ್ಲು ನನ್ನ ತಲೆ ಹೋಗುತ್ತೆ. ನಿಂಗೆ ಇಷ್ಟ ಇತ್ತಲ್ಲ, ಹೆಸ್ರು ಬರ್ಬೇಕು ಅಂತ."

ಇಷ್ಟವಿತ್ತು. ಮೊದಲ ಕಂತು ಬಂದ ದಿನ ಹಾಸ್ಟೆಲಿನ ಕಾರಿಡಾರಿನಲ್ಲಿ ಆ ಎರಡು ಪದಗಳನ್ನು ಮತ್ತೆ ಮತ್ತೆ ಹಚ್ಚಿ ಕುಣಿದಿದ್ದಳು. ಹಟ್ಟಿಯ ಒಂದೊಂದು ಮನೆಗೂ ಲಿಂಕ್ ಕಳಿಸಿದ್ದಳು, ಜುಂಜಣ್ಣ ಮಾವನಿಗೂ. ಇಲ್ಲದಿದ್ದರೆ ಈ ಆಪಿನ ಹೆಸರೂ ಅಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ.

ರೆಕಾರ್ಡಿಂಗು ಫೋನಿಗೆ ಬಂದು ಬೀಳುವವರೆಗೆ ಇಬ್ಬರೂ ಕಂಬಳಿಯ ಗೋಡೆ ನೋಡುತ್ತಾ ಕೂತರು. ಅವಳು ಏಳುವಾಗ ಅವನು, "ಮಾಟದ ಮುಂದಿನ ಭಾಗಕ್ಕೂ ನೀನೇ ಬರೀತೀಯಾ ಅಂತ ಕೇಳ್ತಿದ್ರು," ಎಂದು ಬಾಗಿಲಿಗೆ ಹೇಳಿದಂತೆ ಹೇಳಿದ. ಅವಳು ಮೆಟ್ಟಿಲಿಳಿದಳು.

ಬಸ್ಸು ತಳಕು ಊರು ದಾಟುವವರೆಗೂ ಅವಳು ಕಣ್ಣು ಮುಚ್ಚಿ ಅದನ್ನು ಕೇಳಿದಳು. ಎಲ್ಲ ಇತ್ತು. ಹಂಡೆಯಿಂದ ನೀರು ಮೊಗೆಯುವುದು, ಕೂಸಿನ ಅಳು, ಅಳು ನಿಂತು ಬಂದ ಆಂಗ್ ಊಂಗ್, ನಿರ್ಮಲಾಳ ನಗು, ಲಕ್ಷ್ಮಕ್ಕನ ಮಾತು. ಕೊನೆಗೆ, ಎಲ್ಲಾ ಬಿಟ್ಟು ಹೋಗ್ಲಿ. ಅದರ ಹಿಂದೆ ತನ್ನದೇ ಕಿಸಕ್ಕನೆ ನಗುವ ದನಿ. ಇದನ್ನು ಕೇಳಿದ ಮೇಲೆ ಯಾರಿಗಾದರೂ ಬಾಗಿಲು ಹಾಕಲು ಮನಸ್ಸು ಬಂದೀತೇ ಎಂದು ಅವಳಿಗೆ ಧೈರ್ಯ ಬಂತು. ಕೊಂಡ್ಲಹಳ್ಳಿಯಲ್ಲಿ ಇಳಿದು ಆಟೋ ಸಿಗದೆ ನಡೆದೇ ಹೋದಳು.

ಗೀತಮ್ಮ ಅಂಗಳದಲ್ಲಿ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ಹೊಸ್ತಿಲ ಪಕ್ಕ ಎಣ್ಣೆ ಬಟ್ಟಲು ಇಟ್ಟ ಜಾಗದಲ್ಲೇ ಇತ್ತು. ಅದನ್ನು ಒಳಗೆ ತಂದರೆ ಏನು, ಬಿಸಾಡಿದರೆ ಏನು ಎಂದು ಯಾರಿಗೂ ತೋಚಿರಲಿಲ್ಲ. ಇರುವೆ ಹತ್ತಿತ್ತು.

ನಿರ್ಮಲಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೊನೆಯವರೆಗೂ ಕೇಳಿದಳು. ತನ್ನ ನಗು ಬಂದಾಗ ಅವಳ ತುಟಿ ಸಣ್ಣಗೆ ಅಲುಗಿತು. ಮುಗಿಯಿತು.

"ಕೇಳಿದ್ಯಲ್ಲ. ಈಗೇನಂತೀಯ?" ಅಂದಳು ಸೌಂದರ್ಯ.

"ಏನನ್ನಲಿ? ನಾನು ಅಲ್ಲೇ ಇದ್ದೆ ಕಣೇ ಅವತ್ತು. ಲಕ್ಷ್ಮಕ್ಕ ಎಂಥೋಳು ಅಂತ ನಿನ್ನ ಫೋನು ನಂಗೆ ಹೇಳ್ಕೊಡ್ಬೇಕಾ?"

"ಮತ್ತೆ ಬಾಗ್ಲು?"

"ನಮ್ಮ ಮಾವ ಮೂರು ದಿನದಿಂದ ಮನೆ ಮಂದಿಗೆಲ್ಲ ಅದನ್ನೇ ಕೇಳಿಸ್ತಾ ಅವ್ನೆ. ಕೂಸಿಗೆ ಹೋದ್ವಾರ ಜ್ವರ ಬಂತಲ್ಲ, ಅದಕ್ಕೂ ಇದಕ್ಕೂ ಗಂಟು ಹಾಕವ್ನೆ. ನಾಳೆ ಇವನಿಗೆ ನೆಗಡಿ ಆದ್ರೂ ನಂದೇ ತಪ್ಪು. ಮಾಟಗಾತಿ ಕೈಗೆ ಕೊಟ್ಟೋಳು ಅಂತಾರೆ. ಆ ಮನ್ಯಾಗೆ ಬಾಳೋಳು ನಾನು, ನೀನಲ್ಲ. ನೀನು ಹಾಸ್ಟೆಲಿನಾಗೆ ಕುಂತು ಇನ್ನೊಂದು ಬರೀತೀಯ."

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಕೂಸಿನ ಜೊಲ್ಲು ಒರೆಸುತ್ತಾ ಹೇಳಿದಳು. ಸೌಂದರ್ಯ ಅಷ್ಟು ದೂರದಿಂದ ಹೊತ್ತು ತಂದ ಸಾಕ್ಷಿ ಫೋನಿನೊಳಗೆ ಹಾಗೇ ಕೂತಿತು. ಸತ್ಯ ಗೊತ್ತಿಲ್ಲದೆ ಯಾರೂ ಬಾಗಿಲು ಹಾಕಿರಲಿಲ್ಲ.

ಅವಳು ಎಣ್ಣೆ ಬಟ್ಟಲಿನ ಇರುವೆ ಕೊಡವಿ, ದುಪಟ್ಟಾದ ತುದಿಯಲ್ಲಿ ಒರೆಸಿ, ಹಿಡಿದುಕೊಂಡು ಲಕ್ಷ್ಮಕ್ಕನ ಮನೆಗೆ ಹೋದಳು.

ಲಕ್ಷ್ಮಕ್ಕ ಬಾಗಿಲ ಮುಂದೆ ಮೊರ ಹಿಡಿದು ಶೇಂಗಾ ಬಿಡಿಸುತ್ತಿದ್ದಳು. ಎಂದಿನಂತೆ ಮೂಗು ಹಿಂಡಲು ಕೈ ಚಾಚಲಿಲ್ಲ. ಕಾಯಿ ಒಡೆಯುವ ಚಟ್ ಚಟ್ ಸದ್ದಷ್ಟೇ ಇತ್ತು.

"ಬಂದ್ಯಾ ತಲ್ಲಿ, ನನ್ನವ್ವ. ಕುತ್ಕ."

ಸೌಂದರ್ಯ ಎಲ್ಲವನ್ನೂ ಹೇಳಿದಳು. ಇದಿ ಹೋಗಿ ಇದು ಆದದ್ದು, ಕಾದು ಹೋಗಿ ಅಲ್ಲ ಆದದ್ದು, ಮಾಟ ಉಳಿದದ್ದು, ಕತ್ತರಿಸಿದ್ದು. ಲಕ್ಷ್ಮಕ್ಕ ಕಾಯಿ ಒಡೆಯುತ್ತಲೇ ಕೇಳಿದಳು.

"ಹಂಗಾದ್ರೆ ನಾನು ಹೇಳಿದ್ದು ಮಾಟ, ಅವರು ಕೇಳಿದ್ದೂ ಮಾಟ," ಅಂದಳು ಕೊನೆಗೆ. "ತಪ್ಪು ಯಾರ್ದೂ ಇಲ್ಲ ಅನ್ನು."

"ನಂದೈತೆ ಲಕ್ಷ್ಮಕ್ಕ."

"ಐತೆ." ಒಂದು ಕಾಯಿ ಒಡೆದಳು. "ನನ್ನ ದನಿ ತಗಂಡೆ, ಕೊಟ್ಟೆ. ಕೂಸಿಂದೂ ತಗಂಡೆ. ದೃಷ್ಟಿ ತೆಗೆಯೋದನ್ನ ಫೋನಿನಾಗೆ ಹಿಡೀಬ್ಯಾಡ ಅಂತ ನಾನೇ ಹೇಳ್ಬೇಕಿತ್ತು. ನಗಾಡ್ತಿದ್ದೆ ನೀನು, ನಂಗೂ ನಗು ಬಂತು. ಇವತ್ತು ಅಂಗನವಾಡಿ ಹತ್ರ ಹೋಗ್ತಿದ್ರೆ ಒಬ್ಬ ಹುಡುಗ ಕಣ್ಣು ಕಣ್ಣು ಕಣ್ಣು ಅಂತ ಕೂಗ್ದ. ಅವನಿಗೆ ನೀರು ಹಾಕಿದ್ದು ನಾನೇ. ಹುಟ್ಟಿದಾಗ ಅವನ ತಲೆ ಸೊಟ್ಟಗಿತ್ತು."

ಸೌಂದರ್ಯ ಬಟ್ಟಲನ್ನು ಮೊರದ ಪಕ್ಕ ಇಟ್ಟಳು. ರೆಕಾರ್ಡಿಂಗು ಕೇಳಿಸಲೇ ಎಂದು ಫೋನು ತೆಗೆದಾಗ ಲಕ್ಷ್ಮಕ್ಕ ತಲೆಯಾಡಿಸಿದಳು.

"ನಂಗ್ಯಾಕೆ ಅದು. ನಾನು ಹೇಳಿದ್ದು ನಂಗೆ ಗೊತ್ತು. ನಿಮ್ಮಕ್ಕಗೂ ಗೊತ್ತು. ಗೊತ್ತಿಲ್ದೋನು ಜುಂಜಣ್ಣ. ಅವನು ಯಾವಾಗ ಬರ್ತಾನೆ?"

"ಲಕ್ಷ್ಮಕ್ಕನ್ನ ಬಿಟ್ಕಂಡ್ರೆ ಇಬ್ರನ್ನೂ ಕರ್ಕಂಡ್ ಹೋಗಾಕೆ ಬರ್ತೀನಿ ಅಂದವ್ನೆ."

"ಬಿಟ್ಕಂತೀವಿ ಅಂತ ಹೇಳು. ನಾಳೆನೇ ಬರ್ಲಿ. ಹಂಡೆಗೆ ನೀರು ತುಂಬಿ ಒಲೆ ಹಚ್ಚಿಡು. ಅವನ ಕಣ್ಣ ಮುಂದೆನೇ ಕೂಸನ್ನ ಕಾಲ ಮ್ಯಾಲೆ ಹಾಕ್ಕಂತೀನಿ. ಬ್ಯಾಡ ಅನ್ನೋದಾದ್ರೆ ನನ್ನ ಮಕ ನೋಡಿ ಅನ್ಲಿ, ಫೋನಿನಾಗೆ ಬ್ಯಾಡ." ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ನೀನೂ ಇರ್ಬೇಕು. ಬರ್ದೋಳು ನಾನು, ಸುಳ್ಳು ಅಂತ ನಿನ್ನ ಬಾಯಾಗೆ ಹೇಳ್ಬೇಕು. ಎಲ್ರ ಮುಂದೆ, ಗಟ್ಟಿಯಾಗಿ. ಓಬಳೇಶ ಅಂತೆ ಆಪು ಅಂತೆ ಅನ್ಬ್ಯಾಡ, ಅವರಿಗೆ ಅದು ತಿಳಿಯಲ್ಲ."

"ಹೇಳಿದ್ರೂ ನಂಬದಿದ್ರೆ?"

"ನಂಬಲ್ಲ ಅನ್ಸುತ್ತೆ ನಂಗೂ," ಅಂದಳು ಲಕ್ಷ್ಮಕ್ಕ. "ಆದ್ರೂ ಹೇಳು."

ಸೌಂದರ್ಯ ಅಲ್ಲೇ ಕೂತು ಜುಂಜಣ್ಣನ ನಂಬರ್ ಒತ್ತಿದಳು. ಯಾವಾಗಲೂ ಗೆರೆಗಟ್ಟಲೆ ಮೆಸೇಜು ಬರೆದು ಬದುಕುವ ಅವಳು ಈ ಸಲ ರಿಂಗು ಎಣಿಸುತ್ತಾ ಕಾದಳು.

"ಮಾವ, ನಾನು ಸೌಂದರ್ಯ. ನಿರ್ಮಲನ ತಂಗಿ."

"ಓ, ಕಥೆ ಬರೆಯೋ ತಾಯಿ. ಹೇಳಮ್ಮ. ಮುಂದಿನ ಕಂತು ಯಾವಾಗ? ಆ ಮುದುಕಿ ಕೂಸನ್ನ ಏನು ಮಾಡ್ತಾಳೆ?"

ಅವಳು ಲಕ್ಷ್ಮಕ್ಕನ ಮುಖ ನೋಡಿದಳು. ಫೋನಿನ ದನಿ ಹೊರಗೂ ಕೇಳಿಸುತ್ತಿತ್ತು. ಲಕ್ಷ್ಮಕ್ಕ ಕಾಯಿ ಒಡೆಯುವುದನ್ನು ನಿಲ್ಲಿಸಿರಲಿಲ್ಲ.

"ನೀರು ಹಾಕ್ತಾಳೆ ಮಾವ. ನಾಳೆ ಬೆಳಿಗ್ಗೆ, ನಮ್ಮನೆ ಬಚ್ಚಲಾಗೆ. ನೀವು ಬರ್ರಿ. ನಾನೂ ಇರ್ತೀನಿ."

ಆ ಕಡೆ ಸ್ವಲ್ಪ ಹೊತ್ತು ಬರೀ ಸದ್ದು. ಟಿವಿಯದೋ, ಮೊಪೆಡ್ಡಿನದೋ.

"ಬರ್ತೀನಿ," ಅಂದ ಜುಂಜಣ್ಣ. "ನೀರು ಕಾಯೋದ್ರೊಳಗೆ ಅಲ್ಲಿರ್ತೀನಿ."